ಬೈರಣ್ಣನವರ ಸಿಂಹ, ಸಂಗಮೇಶನ ಇನ್ಶೂರೆನ್ಸು

ಡ್ರೈವಿಂಗ್ ಲೈಸೆನ್ಸು ಕೈಗೆ ಬಂದ ದಿನ ಸಂಗಮೇಶ ಅದನ್ನು ಸುಮ್ಮನೆ ಪರ್ಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪುಣ್ಯಾತ್ಮ ಅದನ್ನು ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿದ. ತೋರಿಸಿದ ಮೇಲೆ ಕಾರು ಕೊಳ್ಳದೆ ವಿಧಿಯಿರಲಿಲ್ಲ.

ಸಂಗಮೇಶ ಗದಗಿನವನು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ. ಬಿಟಿಎಂ ಲೇಔಟಿನಲ್ಲಿ ಬೈರಣ್ಣನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಅವನು ಕಲಿತ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕ್ಲಚ್ಚು ಬ್ರೇಕು ಎರಡೆರಡು ಜೊತೆ ಇದ್ದವು. ಒಂದು ಜೊತೆ ಇವನ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವನ ಕಾಲಡಿ. ತಿಂಗಳಿಡೀ ಆ ಕಾರನ್ನು ನಿಜವಾಗಿ ಓಡಿಸಿದವರು ಯಾರು ಎಂಬ ಬಗ್ಗೆ ಸಂಗಮೇಶನಿಗೇ ಒಳಗೊಳಗೆ ಅನುಮಾನವಿತ್ತು. ಹಾಗಾಗಿ ಉಳಿದವರು ಕಾರು ನೋಡಲು ಹೋದಾಗ ಮೈಲೇಜು ಕೇಳಿದರೆ, ಬಣ್ಣ ಕೇಳಿದರೆ, ಇವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದಕ್ಕ ಇನ್ಶೂರೆನ್ಸ್ ಎಷ್ಟ್ ಬೀಳ್ತದ್ರೀ?" ತಾನು ಎಲ್ಲಿಗಾದರೂ ಗುದ್ದುವುದಂತೂ ಖಂಡಿತ, ಅದಕ್ಕೆ ಮುಂಚಿನ ಖರ್ಚಾದರೂ ಕಡಿಮೆಯಿರಲಿ ಎಂಬುದು ಅವನ ವಿಚಾರ.

ಸಲಹೆಗೇನು ಬರವೇ? ಆಫೀಸಿನಲ್ಲಿ ಒಬ್ಬರು ಡೀಸೆಲ್ ಗಾಡಿ ಮುಟ್ಟಲೇಬೇಡ ಅಂದರು. ಇನ್ನೊಬ್ಬರು ಅಂಬಾಸಿಡರ್ ತಗೋ, ಅದು ಗುದ್ದಿದರೆ ಗೋಡೆಗೇ ಇನ್ಶೂರೆನ್ಸ್ ಬೇಕಾಗುತ್ತೆ ಹೊರತು ಕಾರಿಗಲ್ಲ ಅಂದರು. ಕೊನೆಗೆ ಎದುರು ಮನೆಯ ಅನಂತರಾಮು ಇತ್ಯರ್ಥ ಮಾಡಿದರು. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಇನ್ಶೂರೆನ್ಸ್ ಏಜೆಂಟರಾಗಿದ್ದವರು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೂ ಪಾಲಿಸಿ ಹಿಡಿದು ಬರುವ ಆಸಾಮಿ.

"ಸಣ್ಣ ಎಂಜಿನ್ನು, ಹಳೇ ಗಾಡಿ, ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸು. ಇದಕ್ಕಿಂತ ಅಗ್ಗದ್ದು ಇಲ್ಲ ಸಂಗಮೇಶ್."

"ಥರ್ಡ್ ಪಾರ್ಟಿ ಅಂದ್ರ ಏನ್ರೀ ಸರ?"

"ನೀವು ಯಾರಿಗೆ ಗುದ್ದಿದ್ರೂ ಅವರ ನಷ್ಟ ಕಂಪನಿ ಕೊಡುತ್ತೆ. ನಿಮ್ಮ ಗಾಡಿಗೆ ಏನಾದ್ರೂ ಆದ್ರೆ ಅದು ನಿಮ್ಮ ಹಣೆಬರಹ."

ಸಂಗಮೇಶನಿಗೆ ಇದು ಬಹಳ ಹಿಡಿಸಿತು. ಅದೇ ಹೊತ್ತಿಗೆ ಮನೆ ಓನರ್ ಬೈರಣ್ಣ ಹೊಸ ಕ್ವಾಲಿಸ್ ತಂದು ತಮ್ಮ ಹಳೇ ಮಾರುತಿಯನ್ನು ಮಾರುವುದಕ್ಕಿಟ್ಟರು. ಸಣ್ಣ ಎಂಜಿನ್ನು, ಹಳೇ ಗಾಡಿ, ಥರ್ಡ್ ಪಾರ್ಟಿ. ಅದಕ್ಕಿಂತ ಹೆಚ್ಚಾಗಿ, ಬೈರಣ್ಣ ಯುಗಾದಿಯವರೆಗೆ ಇನ್ಶೂರೆನ್ಸ್ ಕಟ್ಟಿಯೇ ಬಿಟ್ಟಿದ್ದರು! ಇನ್ನೊಬ್ಬರು ಕಟ್ಟಿದ ಇನ್ಶೂರೆನ್ಸಿಗಿಂತ ಅಗ್ಗದ್ದು ಲೋಕದಲ್ಲಿ ಯಾವುದಿದೆ? ಹೆಸರು ಬದಲಾಯಿಸಿದರೆ ಎಲ್ಲಿ ಮತ್ತೆ ಹೊಸದಾಗಿ ಕಟ್ಟಬೇಕಾಗುತ್ತೋ ಎಂದು ಸಂಗಮೇಶ ಒಂದು ಉಪಾಯ ಹೂಡಿದ.

"ಈಗ ಪಿತೃಪಕ್ಷ ನಡದೈತಿ ಅಣ್ಣಾರ. ಇಂಥಾದ್ರಾಗ ಹೆಸರು ಬರಸೋದು ಚಲೋ ಅಲ್ರಿ. ಗಾಡಿ ನಿಮ್ಮ ಹೆಸರಿನ್ಯಾಗ ಇರ್ಲಿ, ಯುಗಾದಿಗೆ ನೋಡೋಣು."

"ಎಷ್ಟ್ ಸಂಪ್ರದಾಯಸ್ಥ ಹುಡುಗನಪ್ಪ ನೀನು!" ಎಂದು ಬೈರಣ್ಣ ಕಣ್ಣರಳಿಸಿದರು. ಪಕ್ಷದಲ್ಲಿ ಹೆಸರು ಬರೆಸಬಾರದು ಅನ್ನುವವನು ಪಕ್ಷದಲ್ಲೇ ಕಾರು ಹೇಗೆ ಕೊಂಡ ಎಂದು ಅವರಿಗೂ ಹೊಳೆಯಲಿಲ್ಲ, ಇವನೂ ನೆನಪಿಸಲಿಲ್ಲ.

ಮಹಡಿಯಲ್ಲಿ ಹೆಂಡತಿ ಮಧುಮತಿ ಮಾತ್ರ ಕಾರಿನ ಬಗ್ಗೆ ಖುಷಿಪಡಲಿಲ್ಲ. ಓನರ್ ಜೊತೆ ವ್ಯವಹಾರ ಕೆಟ್ಟರೆ ಮನೆಯೇ ಹೋದೀತೆಂಬ ಭಯ ಅವಳಿಗೆ. ಮದುವೆಯಾದ ಮೇಲೆ ಇದು ಅವರ ಮೂರನೇ ಮನೆ. ಮೊದಲನೆಯದರಲ್ಲಿ ನೀರಿರಲಿಲ್ಲ, ಎರಡನೆಯದರಲ್ಲಿ ಓನರ್ ಮಗನಿಗೆ ಮದುವೆಯಾಯಿತು. ಇಲ್ಲಿ ಪಾತ್ರೆ ಜೋಡಿಸಿದ ದಿನವೇ ಅವಳು ಗಂಡನನ್ನು ಕೂರಿಸಿಕೊಂಡು ಹೇಳಿದ್ದಳು: "ಇನ್ನೊಮ್ಮೆ ಈ ಬೋಗುಣಿ ಡಬ್ಬಿ ಕಟ್ಟಿದ್ನೆಂದ್ರ ಅವು ಸೀದಾ ಗದಗಿಗೆ ಹೋಗ್ತಾವ ನೋಡ್ರಿ. ಅವುಗಳ ಜೋಡಿ ನಾನೂ." ಅವಳು ಹೇಳಿದರೆ ಹೇಳಿದಂತೆ ಮಾಡುವವಳು. ಆದ್ದರಿಂದ ಸಂಗಮೇಶ ಬೈರಣ್ಣನವರ ಮುಂದೆ ಯಾವತ್ತೂ ತಲೆಬಾಗಿಯೇ ನಡೆಯುತ್ತಿದ್ದ.

ಹೀಗಿರುವಾಗ ಆಯುಧಪೂಜೆ ಬಂತು.

ಬೆಳಿಗ್ಗೆಯೇ ಬೀದಿಯ ಸ್ಕೂಟರು, ಆಟೋ, ಸೈಕಲ್ಲುಗಳೆಲ್ಲ ಮಿಂದು ಮಡಿಯಾಗಿ ನಿಂತಿದ್ದವು. ಸಂಗಮೇಶನೂ ಮಾರುತಿಯನ್ನು ತಿಕ್ಕಿ ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮುಂದೆ ಎರಡೂ ಕಡೆ ಬಾಳೆಕಂದು ಕಟ್ಟಿದ. ಕಾರು ಮದುವೆ ಚಪ್ಪರದ ಹಾಗೆ ಕಂಗೊಳಿಸಿತು. ಒಳಗೆ ಕೂತವನಿಗೆ ರಸ್ತೆ ಮಾತ್ರ ಕಾಣುತ್ತಿರಲಿಲ್ಲ.

ಕಾರಿನ ಮುಂದೆ ಸ್ವಲ್ಪ ಓರೆಯಾಗಿ ಬೈರಣ್ಣನವರ ಗೇಟಿತ್ತು. ಗೇಟಿನ ಎರಡು ಕಂಬಗಳ ಮೇಲೆ ಎರಡು ಸಿಮೆಂಟಿನ ಸಿಂಹಗಳು. ಅರೆಕೆರೆಯ ಹೊಲ ಮಾರಿದ ಮೇಲೆ ಬೈರಣ್ಣ ಕಟ್ಟಿಸಿದ್ದು ಮನೆಯಾದರೂ ಬಂದವರಿಗೆ ತೋರಿಸುತ್ತಿದ್ದದ್ದು ಸಿಂಹಗಳನ್ನೇ. ದಸರೆಗೆಂದು ಕೇಸರಕ್ಕೆ ಬಂಗಾರದ ಬಣ್ಣ ಬಳಿಸಿದ್ದರು. ಅವರ ಹೆಂಡತಿ ಲಕ್ಷ್ಮಿದೇವಮ್ಮನವರಿಗೆ ಅವನ್ನು ಕಂಡರಾಗದು. "ಬೀದಿಯವರಿಗೆ ಮುಖ, ಮನೆಯವರಿಗೆ ಹಿಂಭಾಗ. ದಿನಾ ಬೆಳಿಗ್ಗೆ ಎದ್ದು ಅದನ್ನ ನೋಡ್ಕೊಂಡು ರಂಗೋಲಿ ಹಾಕ್ಬೇಕು" ಎಂದು ಗೊಣಗುವರು. ಬೈರಣ್ಣ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಂಗಳಾರತಿಯಾಯಿತು. ಬೂದುಗುಂಬಳ ಒಡೆದದ್ದಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಇನ್ನು ಸಂಗಮೇಶ ಕಾರನ್ನು ಅಷ್ಟು ಮುಂದಕ್ಕೆ ಬಿಟ್ಟು ನಿಂಬೆಹಣ್ಣು ಅಪ್ಪಚ್ಚಿ ಮಾಡಿದರೆ ಪೂಜೆ ಮುಗಿಯಿತು. ಬೀದಿಯೇ ಸುತ್ತ ನೆರೆಯಿತು.

"ಕ್ಲಚ್ ಮೆತ್ತಗೆ ಬಿಡಿ!" ಎಂದರು ಅನಂತರಾಮು.

"ಬಿಡಬೇಡಪ್ಪಾ, ಒತ್ತಿ ಹಿಡಿ!" ಎಂದರು ಪಕ್ಕದ ಮನೆಯ ಮೀನಾಕ್ಷಮ್ಮ. ಅವರು ಸೈಕಲ್ಲನ್ನೂ ಹತ್ತಿದವರಲ್ಲ.

ಮೊದಲ ಸಲ ಎಂಜಿನ್ನು ಕೆಮ್ಮಿ ನಿಂತಿತು. ಎರಡನೇ ಸಲವೂ ನಿಂತಿತು. ನಿಂಬೆಹಣ್ಣು ಮಾತ್ರ ಹಾಗೇ ದುಂಡಗಿದ್ದವು. "ನಿಂಬೆಹಣ್ಣೇ ಗೆಲ್ತಾ ಇದೆ" ಎಂದು ಯಾರೋ ನಕ್ಕರು. ಸಂಗಮೇಶನಿಗೆ ರೋಷ ಬಂತು. ಮೂರನೇ ಸಲ ಆಕ್ಸಿಲರೇಟರನ್ನು ಗಟ್ಟಿಯಾಗಿ ಒತ್ತಿ ಕ್ಲಚ್ಚನ್ನು ಪೂರ್ತಿ ಬಿಟ್ಟ. ಕಾರು ಹಾರಿತು. ಹಾರಿದಾಗ ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದವನು ಬ್ರೇಕ್ ಒತ್ತುವವರೆಗೆ ಕಾಯಬೇಕು. ಕಾದ. ಪಕ್ಕದ ಸೀಟಿನಲ್ಲಿ ಕಡ್ಲೆಪುರಿಯ ಚೀಲವಿತ್ತು.

ಧಡ್ ಎಂದಿತು. ಬಲಗಡೆಯ ಕಂಬ ಒಂದು ಸಲ ವಾಲಾಡಿತು. ಸಿಂಹ ನಿಧಾನವಾಗಿ ಮುಂದಕ್ಕೆ ಬಾಗಿ, ಬಾನೆಟ್ಟಿನ ಮೇಲೆ ಬಿದ್ದು, ಮೂತಿ ಮುರಿದುಕೊಂಡು, ಗಾಜಿನಾಚೆಯಿಂದ ಸಂಗಮೇಶನನ್ನು ನೋಡತೊಡಗಿತು. ಕಾರಿನ ತುಂಬ ಕಡ್ಲೆಪುರಿ ಹರಡಿತ್ತು.

ಬೈರಣ್ಣ ಓಡಿ ಬಂದು ಸಿಂಹದ ಮುರಿದ ಮೂತಿಯನ್ನು ಎತ್ತಿಕೊಂಡರು.

"ಸಂಗಮೇಶಪ್ಪಾ, ದೀಪಾವಳಿಯೊಳಗೆ ಮನೆ ಖಾಲಿ ಮಾಡ್ಬಿಡು."

ಮಧುಮತಿ ಆರತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಬೋಗುಣಿ ಕಟ್ಟಲೇನ್ರಿ?" ಎಂದು ತಣ್ಣಗೆ ಕೇಳಿದಳು. ಸಂಗಮೇಶ ಗಡಬಡಿಸಿ ಕಾರಿನಿಂದ ಇಳಿದ. ಸಿಂಹ ಹೋದರೆ ಇನ್ನೊಂದು ತರಬಹುದು, ಗದಗಿಗೆ ಹೋದ ಮಧುಮತಿಯನ್ನು ವಾಪಸು ತರುವುದು ಯಾರಪ್ಪನಿಂದಲೂ ಆಗದ ಮಾತು.

ಆಗ ಅನಂತರಾಮು ಬಾಯಿಗೆ ಪುರಿ ಹಾಕಿಕೊಳ್ಳುತ್ತ ಮುಂದೆ ಬಂದರು. "ಅಯ್ಯೋ, ಯಾಕ್ರೀ ಗಾಬರಿ? ಇದಕ್ಕೇ ತಾನೆ ಥರ್ಡ್ ಪಾರ್ಟಿ ಇರೋದು! ಸಿಂಹದ ದುಡ್ಡು ಪೂರ್ತಿ ಕಂಪನಿ ಕೊಡುತ್ತೆ ಬೈರಣ್ಣೋರೆ."

"ಪೂರ್ತೀನಾ?"

"ಪೂರ್ತಿ."

ಬೈರಣ್ಣನವರ ಮುಖ ಅರಳಿತು. ಅವರು ಗೇಟನ್ನು ಹೊಸ ಕಣ್ಣಿನಿಂದ ನೋಡಿದರು. "ಹಂಗಾದ್ರೆ ಒಂದೇ ಸಿಂಹ ಆದ್ರೆ ಜೋಡಿ ಹೊಂದಲ್ಲ. ಎರಡೂ ಹೊಸದೇ ಹಾಕಿಸ್ಬೇಕು. ಸಿಮೆಂಟಿಂದ್ಯಾಕೆ, ಗ್ರಾನೈಟಿಂದೇ ಇರ್ಲಿ. ಗೇಟೂ ಸೊಟ್ಟ ಆಗೋಯ್ತು ನೋಡಿ."

"ಅದು ಗೃಹಪ್ರವೇಶದ ದಿನದಿಂದ್ಲೂ ಸೊಟ್ಟಾನೇ ಇತ್ತಲ್ರೀ" ಎಂದರು ಮೀನಾಕ್ಷಮ್ಮ.

"ಈಗ ಜಾಸ್ತಿ ಆಯ್ತು! ಸಂಗಮೇಶಪ್ಪಾ, ಅಲ್ಲ್ಯಾಕೆ ನಿಂತೆ, ಬಾ, ಕೂತ್ಕೋ. ಸಿಟ್ಟಲ್ಲಿ ಏನೋ ಅಂದೆ. ನೀನು ಮನೆ ಮಗ ಇದ್ದಂಗೆ. ಲಕ್ಷ್ಮೀ, ಇವರಿಗೆ ಕಾಫಿ ತಗೊಂಬಾ!"

ಕಾಫಿ ಬಂತು. ಸಂಗಮೇಶ ಮೊದಲ ಗುಟುಕು ಕುಡಿಯುವಷ್ಟರಲ್ಲಿ ಅನಂತರಾಮು ಕೇಳಿದರು: "ಅಂದಹಾಗೆ ಪಾಲಿಸಿ ಯಾರ ಹೆಸರಲ್ಲಿದೆ?"

"ಅಣ್ಣಾರ ಹೆಸರಿನ್ಯಾಗ್ರೀ" ಎಂದ ಸಂಗಮೇಶ ಹೆಮ್ಮೆಯಿಂದ. "ಇನ್ನೂ ಬದಲಾಯಿಸಿಲ್ಲ."

ಅನಂತರಾಮು ಲೋಟ ಕೆಳಗಿಟ್ಟರು. "ಗಾಡಿ ಬೈರಣ್ಣೋರದ್ದು. ಸಿಂಹಾನೂ ಬೈರಣ್ಣೋರದ್ದು. ಅವರ ಗಾಡಿ ಅವರ ಸಿಂಹಕ್ಕೇ ಗುದ್ದಿದ್ರೆ ಕಂಪನಿ ಯಾಕ್ರೀ ಕೊಡುತ್ತೆ? ಥರ್ಡ್ ಪಾರ್ಟಿ ಎಲ್ಲಿದೆ ಇದ್ರಲ್ಲಿ?"

"ನಾ ಇದ್ದೀನಲ್ರೀ ಮೂರನೆಯಾಂವ!"

"ನೀವು ಓಡಿಸಿದವರು. ನೀವು ಯಾವ ಪಾರ್ಟೀನೂ ಅಲ್ಲ."

ಬೈರಣ್ಣ ಸಂಗಮೇಶನ ಕೈಯಿಂದ ಲೋಟ ಕಿತ್ತುಕೊಳ್ಳುವುದೊಂದು ಬಾಕಿ. "ಪಿತೃಪಕ್ಷ ಅಂತ ಕತೆ ಕಟ್ಟಿ ನನ್ನ ಹೆಸರಲ್ಲೇ ಉಳಿಸಿದ್ಯಲ್ಲೋ ಮಾರಾಯ! ದೀಪಾವಳೀನೂ ಬೇಡ, ಈ ತಿಂಗಳೇ ಖಾಲಿ ಮಾಡು!"

ಮಧುಮತಿ ಮಹಡಿಯ ಕಡೆಗೆ ಒಂದು ಮೆಟ್ಟಿಲು ಹತ್ತಿದಳು.

ಅಷ್ಟರಲ್ಲಿ ಬೈರಣ್ಣನವರಿಗೇ ಏನೋ ಹೊಳೆದು ತೊಡೆ ತಟ್ಟಿಕೊಂಡರು. ಗ್ರಾನೈಟ್ ಸಿಂಹದ ಆಸೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. "ತಡೀರಿ, ತಡೀರಿ! ಮನೆ ನನ್ನ ಹೆಸರಲ್ಲೆಲ್ಲಿದೆ? ಕಟ್ಟಿಸೋವಾಗ ಜೋಯಿಸರು ಹೆಂಡತಿ ಹೆಸರಲ್ಲಿದ್ರೆ ಏಳಿಗೆ ಅಂದ್ರು ಅಂತ ಸೈಟು, ಮನೆ, ಎಲ್ಲಾ ಲಕ್ಷ್ಮೀ ಹೆಸರಿಗೆ ಮಾಡ್ಸಿದೀನಿ. ಗೇಟು ಅವಳದ್ದು! ಸಿಂಹಾನೂ ಅವಳದ್ದೇ!"

"ಹಾಗಾದ್ರೆ ಮೇಡಮ್ಮೇ ಥರ್ಡ್ ಪಾರ್ಟಿ!" ಎಂದು ಅನಂತರಾಮು ಕೂಗಿದರು. ಮಧುಮತಿ ಒಂದು ಮೆಟ್ಟಿಲು ಇಳಿದಳು. ಸಂಗಮೇಶ ತಾನು ಗುದ್ದಿಸಿದ ಕಾರಿಗೇ ಕೈಮುಗಿದ.

ಖಾಲಿ ಲೋಟ ತೆಗೆದುಕೊಂಡು ಹೋಗಲು ಬಂದ ಲಕ್ಷ್ಮಿದೇವಮ್ಮ ಬಾಗಿಲಲ್ಲೇ ನಿಂತರು. "ಮನೆ ನನ್ನದಾ?"

"ಕಾಗದದಲ್ಲಿ ಕಣೇ" ಎಂದರು ಬೈರಣ್ಣ.

"ಅವತ್ತು ಯಾವ್ದೋ ಆಫೀಸಿಗೆ ಕರ್ಕೊಂಡು ಹೋಗಿ ಎಲ್ಲೆಲ್ಲೋ ಸೈನ್ ಹಾಕಿಸ್ಕೊಂಡ್ರಲ್ಲ, ಇದಕ್ಕಾ?" ಅವರು ಲೋಟಗಳನ್ನು ಹಾಗೇ ಬಿಟ್ಟು ಕುರ್ಚಿ ಎಳೆದುಕೊಂಡು ಕೂತರು. "ಹೇಳಿ ಅನಂತರಾಮು ಅವರೇ. ಈಗ ನಾನೇನು ಮಾಡ್ಬೇಕು?"

"ಮೊದ್ಲು ಸ್ಟೇಷನ್ನಿಗೆ ಒಂದು ಕಂಪ್ಲೇಂಟು. ಆಮೇಲೆ ಕೋರ್ಟಲ್ಲಿ ಕಾರಿನ ಓನರ್ ಮೇಲೆ ಕೇಸು."

"ಕಾರಿನ ಓನರ್ ಅಂದ್ರೆ ಇವರ ಮೇಲೆ?"

"ಹೂಂ. ಹೆಸರಿಗಷ್ಟೇ."

"ಹಾಕೋಣ" ಎಂದರು ಲಕ್ಷ್ಮಿದೇವಮ್ಮ. ಅದನ್ನು ಅವರು ಹೇಳಿದ ರೀತಿಗೆ ಬೀದಿಯ ಹೆಂಗಸರೆಲ್ಲ ಹತ್ತಿರ ಬಂದರು. "ಸಿಂಹದ್ದೊಂದೇ ಯಾಕೆ? ನನ್ನ ತವರುಮನೆ ಸರ ಮಾರಿ ಬೋರ್‌ವೆಲ್ ಹಾಕಿಸಿದ್ರಲ್ಲ, ಅದನ್ನೂ ಬರೀರಿ. ನನ್ನ ತಮ್ಮನ ಮದುವೆಗೆ ಬರ್ಲಿಲ್ಲವಲ್ಲ, ಅದೂ ಇರ್ಲಿ."

"ಮೇಡಂ, ಅದು ಮೋಟಾರ್ ಇನ್ಶೂರೆನ್ಸಲ್ಲಿ ಬರಲ್ಲ..."

"ಬರೀರಿ ನೀವು!"

ಬೈರಣ್ಣ ಬೆವೆತುಹೋದರು. ಸಂಗಮೇಶನನ್ನು ಕಾರಿನ ಮರೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಸಂಗಮೇಶಪ್ಪಾ, ನಿನ್ನ ದಮ್ಮಯ್ಯ ಅಂತೀನಿ. ಸಿಂಹಾನೂ ಬೇಡ, ಇನ್ಶೂರೆನ್ಸೂ ಬೇಡ. ಅವಳು ಸ್ಟೇಷನ್ ಮೆಟ್ಲು ಹತ್ತದಂಗೆ ಮಾಡು. ನೀನು ಬೇಕಾದಷ್ಟು ವರ್ಷ ಇರು, ಬಾಡಿಗೆ ಜಾಸ್ತಿ ಮಾಡಲ್ಲ."

ಸಂಗಮೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು. ಓಡಿಹೋಗಿ ಲಕ್ಷ್ಮಿದೇವಮ್ಮನವರ ಮುಂದೆ ನಿಂತು, ಹಬ್ಬದ ದಿನ ಗಂಡ ಹೆಂಡಿರ ನಡುವೆ ಕೋರ್ಟು ಕಚೇರಿ ಯಾಕೆಂದು ಕಣ್ಣಲ್ಲಿ ನೀರು ತಂದುಕೊಂಡು ಬೇಡಿದ. ಈ ಸಲ ಅವನು ನಟಿಸಲಿಲ್ಲ. ಅವನ ಸಂಸಾರವೇ ಆ ಹೆಂಗಸಿನ ಬಾಯಿಂದ ಬೀಳುವ ಒಂದು ಮಾತಿನ ಮೇಲೆ ನಿಂತಿತ್ತು.

ಲಕ್ಷ್ಮಿದೇವಮ್ಮ ಕರಗಿದರು. "ಆಗ್ಲಪ್ಪ. ನೀನು ಇಷ್ಟು ಕೇಳ್ಕೊಂಡ ಮೇಲೆ ಕೇಸ್ ಹಾಕಲ್ಲ, ಬಿಡು."

ಬೈರಣ್ಣ ಉಸಿರು ಬಿಟ್ಟರು. ಸಂಗಮೇಶನೂ ಬಿಟ್ಟ.

"ನಿನ್ನ ಉಪಕಾರ ನಾನು ಮರೆಯಲ್ಲ ಕಣಪ್ಪ" ಎಂದು ಲಕ್ಷ್ಮಿದೇವಮ್ಮ ಅವನ ತಲೆ ಸವರಿದರು. "ನೀನು ಗುದ್ದದೆ ಇದ್ದಿದ್ರೆ ಮನೆ ನನ್ನದು ಅಂತ ಸಾಯೋವರ್ಗೂ ಗೊತ್ತಾಗ್ತಿರ್ಲಿಲ್ಲ. ಈ ಮನುಷ್ಯನ ಗೊರಕೆ ಕೇಳಿ ಕೇಳಿ ಸಾಕಾಗಿತ್ತು. ಇನ್ಮೇಲೆ ಮಹಡಿ ಮೇಲೆ ನಾನೊಬ್ಳೇ ಹಾಯಾಗಿರ್ತೀನಿ. ಅವಸರ ಇಲ್ಲಪ್ಪ, ತಿಂಗಳ ಕೊನೆಗೆ ಖಾಲಿ ಮಾಡ್ಕೊಡು ಸಾಕು."

"ಅಮ್ಮಾರ... ಕೆಳಗಿನ ಮನಿ?" ಎಂದು ಸಂಗಮೇಶ ಕೇಳಿದ.

"ಕೆಳಗಡೆದು ಬಾಡಿಗೆಗೆ ಕೊಡ್ತೀನಿ. ಒಳ್ಳೆ ಅಡ್ವಾನ್ಸ್ ಕೊಡೋರು ಬಂದ್ರೆ."

ಮಹಡಿಯಿಂದ ಬೋಗುಣಿಗಳ ಸದ್ದು ಆಗಲೇ ಕೇಳಿಬರುತ್ತಿತ್ತು. ಸಂಗಮೇಶ ಕಾರಿಗೆ ಒರಗಿ ತಲೆಯ ಮೇಲೆ ಕೈಹೊತ್ತು ನಿಂತ. ಒಂದು ಗಳಿಗೆ ಬಿಟ್ಟು ಬೈರಣ್ಣ ಮೆಲ್ಲಗೆ ಪಕ್ಕಕ್ಕೆ ಬಂದು ಒರಗಿದರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೆಂಡತಿಗೆ ಕೇಳಿಸದ ಹಾಗೆ ಅಂದರು:

"ನಾಳೆ ಮನೆ ಹುಡುಕೋಕೆ ಹೋಗ್ತೀಯಲ್ಲ, ನಾನೂ ಬರ್ತೀನಿ ಕಣಪ್ಪ. ಆಟೋದಲ್ಲೇ ಹೋಗೋಣ."