ಮಾವನೇ ಕೊಂದದ್ದು

ಕಾದಂಬರಿಯ ಮೊದಲ ಖಾಲಿ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಎರಡು ಪದಗಳಿದ್ದವು. ಕನ್ನಡಕದಂಗಡಿಯವನು ಪುಸ್ತಕವನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದ: ‘ಮಾವನೇ ಕೊಂದದ್ದು!’

ಅಂಗಡಿಯ ಶಟರು ಇನ್ನೂ ಅರ್ಧಕ್ಕೇ ನಿಂತಿತ್ತು. ಅವನು ಅದರ ಕೆಳಗೇ ಕುಸಿದು ಕೂತ.

ಇಡೀ ವರ್ಷ ಕಾದಿದ್ದ ಪುಸ್ತಕ ಅದು. ಏಳನೆಯ ಸಂಪುಟ, ಕೊನೆಯದು. ಅದರ ನಾಯಕ ಪೊಲೀಸರಿಗೆ ನೆರವಾಗುವ ಪ್ರೊಫೈಲರ್. ಕೊಲೆ ನಡೆದ ಕೋಣೆಯಲ್ಲಿ ಸುಮ್ಮನೆ ನಿಂತು, ಕೊಂದವನು ಎಂಥವನು, ಅವನಿಗೆ ಯಾರ ಮೇಲೆ ಸಿಟ್ಟು ಎಂದು ಹೇಳಿಬಿಡುತ್ತಿದ್ದ. ಪಾಪ, ತನ್ನ ಮನಸ್ಸೊಂದೇ ಅವನ ಹಿಡಿತಕ್ಕೆ ಸಿಗದು. ನಿದ್ದೆಯಿಲ್ಲ, ಕುಡಿತ ಬಿಡದು, ಹೆಂಡತಿ ಬಿಟ್ಟುಹೋಗಿದ್ದಾಳೆ. ಮಗಳು ಬಿಟ್ಟುಹೋದ ಮೇಲೂ ಬುತ್ತಿ ಹಿಡಿದು ಬಂದು ‘ಊಟ ಮಾಡಪ್ಪಾ’ ಅನ್ನುವ ಮಾವನೊಬ್ಬನೇ ಅವನಿಗೆ ದಿಕ್ಕು. ಆರನೆಯ ಸಂಪುಟದ ಕೊನೆಯ ಪುಟದಲ್ಲಿ ಪ್ರೊಫೈಲರನ ಗೆಳೆಯ ಹೆಣವಾಗಿ ಬಿದ್ದಿದ್ದ. ಕೊಂದವರು ಯಾರು?

ಆ ಮಾವನೇ ಅಂತೆ!

“ಏನ್ರೀ, ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಗಿದೆ?” ಪಕ್ಕದ ಝೆರಾಕ್ಸ್ ಅಂಗಡಿಯವಳು ಇಣುಕಿದಳು.

“ಕೊಲೆ ಮಾಡಿದ್ದು ಯಾರು ಅಂತ ಯಾರೋ ಮೊದಲ ಪುಟದಲ್ಲೇ ಬರೆದುಬಿಟ್ಟಿದ್ದಾರೆ ಅಕ್ಕಾ.”

“ಎಲ್ಲಿ, ತೋರಿಸಿ.”

ಅವನು ಪುಟದ ಮೇಲೆ ಅಂಗೈ ಬಡಿದ. “ಬೇಡ. ನೀವು ಮುಂದೆ ಯಾವತ್ತಾದ್ರೂ ಓದಬಹುದು. ನಿಮಗಾದ್ರೂ ಕತೆ ಉಳೀಲಿ.”

“ನಾನಾ? ನಾನು ಓದೋದು ‘ಪೇಪರ್ ಸಿಕ್ಕಿಕೊಂಡಿದೆ’ ಅನ್ನೋದೊಂದೇ.”

ಆದರೂ ತೋರಿಸಲಿಲ್ಲ. ಕತೆಯ ಕೊನೆಯ ಗುಟ್ಟು ಬಿಟ್ಟುಕೊಡಬಾರದೆಂಬುದು ಅವನ ನೇಮ. ಅಂದು ಅವನನ್ನು ಕೆಡಿಸಿದ್ದು ಆ ನೇಮವೇ.

ಎದುರಿನ ಕ್ಷೌರಿಕ ಕತ್ತರಿ ಹಿಡಿದೇ ರಸ್ತೆ ದಾಟಿ ಬಂದ. ಅವನ ಕುರ್ಚಿಯಲ್ಲಿ ಅರ್ಧ ಮೀಸೆಯ ಗಿರಾಕಿ ಬಾಯಿ ಬಿಟ್ಟುಕೊಂಡು ಕೂತಿದ್ದ.

“ಪೆನ್ನಾ, ಪೆನ್ಸಿಲ್ಲಾ?”

“ಪೆನ್ಸಿಲ್.”

“ಹಾಗಾದ್ರೆ ಪುಕ್ಕಲ. ಸಿಕ್ಕಿಬಿದ್ರೆ ಅಳಿಸಬಹುದಲ್ಲ.”

“ಆಶ್ಚರ್ಯ ಚಿಹ್ನೆ ಇದೆಯಾ?” ಝೆರಾಕ್ಸಿನವಳು ಕೇಳಿದಳು.

“ಇದೆ.”

“ಅಯ್ಯಯ್ಯೋ! ಬರೀವಾಗ ಖುಷಿಪಟ್ಟಿದ್ದಾರೆ ರೀ!”

ಕನ್ನಡಕದಂಗಡಿಯವನಿಗೆ ರೋಮಾಂಚನವಾಯಿತು. ಆರು ಸಂಪುಟ ಓದಿದ್ದು ಯಾವ ಸುಖಕ್ಕೆ? ಅವನು ಪ್ರೊಫೈಲರನಂತೆ ಕಣ್ಣು ಮುಚ್ಚಿ ಗೋಡೆಗೆ ಹಣೆ ಒತ್ತಿ ನಿಂತ. ಹಣೆಗೆ ಸುಣ್ಣ ಮೆತ್ತಿತು.

ಪುಸ್ತಕ ಬಂದದ್ದು ಹೇಗೆ? ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, “ನಿಮ್ಮ ಏಳನೆಯದು ಬಂತು! ಮೇಲಿನ ಮನೆಯವರು ಕೊಟ್ಟುಹೋದ್ರು, ಮೇಜಿನ ಮೇಲಿದೆ” ಎಂದು ಕೂಗಿ ಓಡಿದ್ದಳು. ಇನ್ನೂ ಏನೋ ಹೇಳಿದಳು. ಅವನು ಕೇಳಿಸಿಕೊಂಡಿರಲಿಲ್ಲ. ಈಗ ಕೇಳೋಣವೆಂದರೆ ಡ್ಯೂಟಿ ಮುಗಿಯುವವರೆಗೆ ಅವಳ ಫೋನು ಲಾಕರಿನಲ್ಲಿ.

ಮೇಲಿನ ಮನೆಯವರು ಎಂದರೆ ಹಲೋ ಸಾರ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತರಾಗುವವರೆಗೂ ‘ಹಲೋ’ ಎಂದವರಾದ್ದರಿಂದ ಆ ಹೆಸರು. ಆರೂ ಸಂಪುಟಗಳನ್ನು ಇವನು ಓದಿದ ಮೇಲೆ ಅವರು ಓದಿದ್ದರು. ರೋಚಕ ಜಾಗ ಬಂದಾಗಲೆಲ್ಲ ಅವರು ಊರುಗೋಲಿನಿಂದ ನೆಲ ಕುಟ್ಟುವರು. ಇವನು ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಚಾವಣಿ ಕುಟ್ಟಿ ಉತ್ತರಿಸುವನು. ಆಮೇಲೆ ಮೆಟ್ಟಿಲ ಮೇಲೆ ಕೂತು ವಾದ. ಬಂಧುಗಳಲ್ಲಿ ಅವನಿಗೆ ಅಂಥ ಜೊತೆ ಸಿಕ್ಕಿರಲಿಲ್ಲ. ಅವನ ಮಾವನಂತೂ, ಅಂದರೆ ಹೆಂಡತಿಯ ತಂದೆ, ನಾಲ್ಕು ಜನ ಸೇರಿದಲ್ಲೆಲ್ಲ “ಕೊಲೆ ಪುಸ್ತಕ ಓದೋನಿಗೆ ಮಗಳನ್ನ ಕೊಟ್ಟೆ, ಅವಳು ಹುಷಾರಾಗಿರ್ಲಿ” ಎಂದು ಹಲ್ಲು ಕಿರಿಯುವ ಆಸಾಮಿ.

“ಒಂಟಿಯಾಗಿದ್ದಾರಾ ಅವರು?” ಕ್ಷೌರಿಕ ಕೇಳಿದ.

“ಒಬ್ಬರೇ.”

“ಮುಗೀತು. ಇನ್ನೊಬ್ಬರ ಸುಖ ಕಂಡ್ರೆ ಒಂಟಿಯವರಿಗೆ ಹೊಟ್ಟೆ ಉರಿ.”

“ಯಾವಾಗಲೂ ನೀವೇ ಮೊದಲು ಓದೋದಲ್ವಾ?” ಝೆರಾಕ್ಸಿನವಳು ಒಗ್ಗರಣೆ ಹಾಕಿದಳು. “ಒಳಗೊಳಗೇ ಕುದ್ದಿರಬೇಕು ಬಿಡಿ.”

ಅಷ್ಟರಲ್ಲಿ ಒಬ್ಬ ಅಜ್ಜಿ ಕಣ್ಣು ತೋರಿಸಲು ಬಂದರು. ಓದಿಸುವ ಕಾರ್ಡು ಹೊಸದು, ಹಿಂದಿನ ದಿನವಷ್ಟೇ ಬಂದದ್ದು. ಅವನು ಅಕ್ಷರಕ್ಕೆ ಕಡ್ಡಿ ಇಟ್ಟ.

“ಡ,” ಎಂದರು ಅಜ್ಜಿ.

“ಸರಿಯಾಗಿ ನೋಡಿ ಅಜ್ಜಿ. ಅದು ದ.”

“ಡ ಕಣಪ್ಪಾ. ಡಬ್ಬದ ಡ.”

“ಕಣ್ಣು ತುಂಬಾ ಕೆಟ್ಟಿದೆ,” ಎಂದು ಅವನು ಇನ್ನೂ ದಪ್ಪದ ಗಾಜು ಹಾಕಿದ. ಅಜ್ಜಿ ಅದನ್ನು ಹಾಕಿಕೊಂಡು ಎದ್ದು, ಬಾಗಿಲೆಂದು ಕನ್ನಡಿಯೊಳಗೆ ಹೊರಟರು. ಹಣೆ ಊದಿತು. “ನನ್ನ ಕಣ್ಣು ಬಿಡು, ನಿನ್ನದನ್ನ ತೋರಿಸ್ಕೋ!” ಎಂದು ಬೈದು ಹೋದರು. ಹೆಂಡತಿಯೂ ವರ್ಷದಿಂದ ಅದನ್ನೇ ಹೇಳುತ್ತಿದ್ದಳು: “ಪುಸ್ತಕ ಇನ್ನೂ ದೂರ ಹಿಡೀಬೇಕಂದ್ರೆ ಕೈಗೆ ತುಂಡು ಜೋಡಿಸಬೇಕಾಗ್ತದೆ ಅಷ್ಟೇ.” ಊರಿಗೆಲ್ಲ ಕನ್ನಡಕ ಹಾಕುವವನಿಗೆ ತಾನೇ ಒಂದು ಹಾಕಿಕೊಳ್ಳಲು ನಾಚಿಕೆ.

ಸಂಜೆ ಅವನು ಬೇಗನೆ ಅಂಗಡಿ ಮುಚ್ಚಿದ. ಝೆರಾಕ್ಸಿನವಳೂ ಕ್ಷೌರಿಕನೂ ಕರೆಯದೆಯೇ ಹಿಂದೆ ಹೊರಟರು. ಹಲೋ ಸಾರ್ ಮನೆಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು.

“ಬಾರಯ್ಯಾ! ಎಲ್ಲೀವರೆಗೆ ಬಂತು? ಹೇಳಬೇಡ, ಹೇಳಬೇಡ, ಪುಟ ಅಷ್ಟೇ ಹೇಳು.”

“ಒಂದು ಪುಟವೂ ಓದಿಲ್ಲ. ಓದೋಕೆ ನೀವು ಬಿಟ್ಟಿದ್ರೆ ತಾನೇ?”

“ನಾನೇನು ಮಾಡಿದೆ?”

ಅವನು ದಿನವಿಡೀ ಮನಸ್ಸಿನಲ್ಲಿ ತಿದ್ದಿ ತೀಡಿಟ್ಟಿದ್ದನ್ನು ಒಂದೇ ಉಸಿರಿಗೆ ಹೇಳಿದ. ಪ್ರೊಫೈಲರನ ದನಿಯಲ್ಲೇ. “ಈ ಕೆಲಸ ಮಾಡಿದ ಮನುಷ್ಯ ಒಂಟಿ. ಮನೆಗೆ ಯಾರೂ ಬರಲ್ಲ. ಫೋನು ರಿಂಗಾದ್ರೆ ಅದು ರಾಂಗ್ ನಂಬರ್. ಎಲ್ಲದರಲ್ಲೂ ತಾನು ಎರಡನೆಯವನು ಅಂತ ಕೊರಗು. ಅದಕ್ಕೇ ಬೇರೆಯವರ ಸಂತೋಷ ಕೆಡಿಸಿ, ‘ಮಾವನೇ ಕೊಂದದ್ದು’ ಅಂತ ಬರೆದು, ಕೆಳಗೆ ಕಳಿಸಿ, ಮೇಲೆ ಕೂತು ನಗ್ತಾನೆ!”

ಕ್ಷೌರಿಕ ತನ್ನ ಚಪ್ಪಲಿ ನೋಡಿಕೊಂಡ.

ಹಲೋ ಸಾರ್ ಊರುಗೋಲು ಊರಿ ನಿಧಾನ ಎದ್ದರು. “ಒಂಟಿ ಅನ್ನೋದು ಸರಿಯಾಗಿ ಹೇಳಿದೆಯಪ್ಪಾ. ರಾಂಗ್ ನಂಬರೂ ಸರಿ. ಉಳಿದದ್ದು ತಪ್ಪು.” ಅವರು ಮೆಟ್ಟಿಲು ಹತ್ತಿದರು. ಮೇಲೆ ಚಿಲಕ ಬಿದ್ದ ಸದ್ದು ಕೇಳಿತು.

ಅದೇ ಹೊತ್ತಿಗೆ ಹೆಂಡತಿ ಬಂದಳು. “ಏನಿದು ಸಂತೆ? ಪುಸ್ತಕ ನೋಡಿದ್ರಾ? ನಾನು ಬರೆದದ್ದು ನೋಡಿದ್ರಾ?”

“ನೀನು ಬರೆದದ್ದಾ!”

“ಮತ್ತಿನ್ಯಾರು? ಬೆಳಿಗ್ಗೆ ಅಷ್ಟು ಹೇಳಿದೆನಲ್ಲ. ಅಪ್ಪ ನಿನ್ನೆ ತಾವೇ ಪುಸ್ತಕದಂಗಡಿಗೆ ಹೋಗಿ ತಂದಿದ್ರು. ನಮ್ಮನೆ ಬೀಗ ಹಾಕಿತ್ತು, ಮೇಲೆ ಕೊಟ್ಟು ಹೋದ್ರು. ‘ಇಷ್ಟು ದಿನ ನಾನು ನಗಾಡಿದ್ದು ಸಾಕು, ಇದನ್ನ ಅಳಿಯಂದ್ರಿಗೆ ಕೊಡಿ’ ಅಂದ್ರಂತೆ. ಸಂತೋಷ ತಡೆಯೋಕಾಗದೆ ಬರೆದಿಟ್ಟೆ.” ಅವಳು ಪುಸ್ತಕ ಕಿತ್ತುಕೊಂಡು ಮೊದಲ ಪುಟದ ಮೇಲೆ ಬೆರಳಿಟ್ಟಳು. “‘ಮಾವನೇ ಕೊಂಡದ್ದು!’ ಡ ರೀ, ಡ! ಕೊಂಡದ್ದು!”

ಝೆರಾಕ್ಸಿನವಳಿಗೆ ಥಟ್ಟನೆ ಮೆಷಿನ್ ಆರಿಸದೆ ಬಂದದ್ದು ನೆನಪಾಯಿತು. ಕ್ಷೌರಿಕನಿಗೆ ಅರ್ಧ ಮೀಸೆಯವನು ನೆನಪಾದ.

“ನನ್ನ ಅಕ್ಷರ ನಿಮಗೆ ಗೊತ್ತಾಗ್ಲಿಲ್ವಾ?” ಹೆಂಡತಿ ಕೇಳಿದಳು. ಕೊಲೆಗಾರರ ಕೈಬರಹದಿಂದ ಅವರ ಬಾಲ್ಯವನ್ನೇ ಹೇಳಬಲ್ಲವನು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಮೆಟ್ಟಿಲಿನತ್ತ ತಿರುಗಿದ.

ಅವನು ಮೇಲೆ ಹೋಗಿ ಬಾಗಿಲು ತಟ್ಟಿದ. ತಪ್ಪಾಯಿತು ಸಾರ್, ಎಂದ. ಡ ಮತ್ತು ದ ಅದಲುಬದಲಾದ ಕತೆಯನ್ನು ಮುಚ್ಚಿದ ಬಾಗಿಲಿಗೇ ಹೇಳಿದ. “ಈ ಸಲ ನೀವೇ ಮೊದಲು ಓದಿ,” ಎಂದ. ಬಾಗಿಲು ಒಂದು ಗೇಣು ತೆರೆಯಿತು. ಒಂದು ಕೈ ಪುಸ್ತಕವನ್ನು ಒಳಗೆಳೆದುಕೊಂಡಿತು.

ಮನೆಗೆ ಬಂದು ಅವನು ಪೊರಕೆ ಹಿಡಿದು ಚಾವಣಿಯ ಕೆಳಗೆ ಕೂತ. ಕುಟ್ಟುವ ಸದ್ದು ಬಂದರೆ ಎಲ್ಲ ಸರಿಹೋದಂತೆ. ಅನ್ನ ಬೇಯುವಷ್ಟು ಹೊತ್ತೂ ಆಗಿರಲಿಲ್ಲ, ಊರುಗೋಲಿನ ಸದ್ದು ಬಂತು. ಆದರೆ ಅದು ನೆಲ ಕುಟ್ಟಿದ್ದಲ್ಲ. ಮೆಟ್ಟಿಲಿಳಿದು ಬಂದು, ಬಾಗಿಲ ಬಳಿ ನಿಂತು, ಮತ್ತೆ ಮೇಲೆ ಹತ್ತಿತು.

ಹೊಸ್ತಿಲ ಮೇಲೆ ಪುಸ್ತಕ ಇತ್ತು. ಇಷ್ಟು ಬೇಗ ಓದಿ ಮುಗಿಸುವುದು ಯಾರಿಂದಲೂ ಆಗದು. ಕೊನೆಯ ಪುಟವನ್ನಷ್ಟೇ ನೋಡಿದ್ದರೆ ಆದೀತು.

ಹೆಂಡತಿ ತನ್ನ ಕನ್ನಡಕ ತೆಗೆದು ಅವನ ಮೂಗಿನ ಮೇಲಿಟ್ಟಳು. ವರ್ಷದಲ್ಲಿ ಮೊದಲ ಸಲ ಅಕ್ಷರಗಳು ಅವನಿಗೆ ಸ್ಪಷ್ಟವಾಗಿ ಕಂಡವು. ಪೆನ್ಸಿಲಿನ ಸಾಲಿನ ಕೆಳಗೆ ಶಾಯಿಯಲ್ಲಿ, ದುಂಡಗೆ, ಒತ್ತಿ ಬರೆದಿತ್ತು:

‘ಮಾವನಲ್ಲ. ಪ್ರೊಫೈಲರನೇ ಗೆಳೆಯನನ್ನು ಕೊಂದದ್ದು. ದ ನೋಡಿಕೋ, ಡ ಅಲ್ಲ.’