ಸಿ.ಡಿ. ಡ್ರೈವಿಗೆ ಕೊಟ್ಟ ದಕ್ಷಿಣೆ

ಹೊನ್ನಾಳಿಯ ಒಂದು ಕಲ್ಯಾಣ ಮಂಟಪದ ಹೊಸ ಊಟದ ಹಾಲ್. ಅರವತ್ತು ಸಾವಿರದ ಬಣ್ಣದ ಆರ್ಡರು. ಚನ್ನಗಿರಿಯಲ್ಲಿ ಮೂವತ್ತು ವರ್ಷದಿಂದ ಬಣ್ಣದ ಅಂಗಡಿ ನಡೆಸುತ್ತಿರುವ ನಾನು ಗಿರಾಕಿಗಳ ಕೈಯಲ್ಲಿ ಮೋಸ ಹೋದವನಲ್ಲ. ನನ್ನ ಕೈಯಲ್ಲೇ ನಾನು ಮೋಸ ಹೋಗುವುದು ಮಾತ್ರ ತಿಂಗಳಿಗೊಮ್ಮೆಯಾದರೂ ಉಂಟು.

ಪುಕ್ಕಟೆ

ಮಂಟಪದ ಯಜಮಾನರು ಅಂಗಡಿಗೆ ಬಂದು ಕೂತರು. "ಹಳೇ ಹಾಲ್‌ಗೆ ಹನ್ನೆರಡು ವರ್ಷದ ಹಿಂದೆ ನೀವೇ ಕೊಟ್ಟ ಹಸಿರು ಐತಲ್ಲ, ಹೊಸದಕ್ಕೂ ಅದೇ ಬೇಕು. ಸ್ವಲ್ಪಾನೂ ಹೆಚ್ಚುಕಮ್ಮಿ ಆಗಬಾರ್ದು. ಆಗಲ್ಲಾಂದ್ರೆ ಹೇಳ್ರಿ, ಜಗಳೂರಿನಾಗೆ ನಮ್ಮ ಬೀಗರದ್ದೇ ಅಂಗಡಿ ಐತೆ."

"ನಾಡಿದ್ದು ತಂದು ಗೋಡೆಗೇ ಹಚ್ಚಿ ತೋರಿಸ್ತೀನಿ" ಅಂದೆ.

ಯಾವ ಬಣ್ಣಕ್ಕೆ ಏನೇನು ಎಷ್ಟು ಬೆರೆಸಬೇಕು ಎಂಬ ಹಳೆಯ ಲೆಕ್ಕವೆಲ್ಲ ಒಂದು ಸಿ.ಡಿ.ಯಲ್ಲಿತ್ತು. ಹಾಕಿದೆ. ಕಂಪ್ಯೂಟರು ಕಟಕಟ ಎಂದು ಸದ್ದು ಮಾಡಿ, ಮೌಂಟ್ ಮಾಡಲಾಗುತ್ತಿಲ್ಲ, ಅಂದರೆ ಸಿ.ಡಿ. ತೆರೆಯಲಾಗುತ್ತಿಲ್ಲ ಎಂದು ತೋರಿಸಿ ಸುಮ್ಮನಾಯಿತು. ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಹಾಕಿಕೊಟ್ಟವರು ನ್ಯಾಮತಿಯ ಕಂಪ್ಯೂಟರ್ ಮೇಷ್ಟ್ರು. ಅದರ ಗುಣಗಳನ್ನು ಅವರು ಅರ್ಧ ಗಂಟೆ ವಿವರಿಸಿದ್ದರು. ನನ್ನ ಕಿವಿಗೆ ಬಿದ್ದದ್ದು 'ಪುಕ್ಕಟೆ' ಎಂಬ ಒಂದೇ ಮಾತು.

ಸತ್ತ ಕೀಬೋರ್ಡು

ಮೇಷ್ಟ್ರಿಗೆ ಫೋನ್ ಹಚ್ಚಿದೆ. ಅವರು ಹೇಳಿದ್ದನ್ನೆಲ್ಲ ಒಂದೊಂದಕ್ಷರ ಹುಡುಕಿ ಒತ್ತಿದೆ.

"ಈಗ ಪಾಸ್‌ವರ್ಡ್ ಹೊಡೀರಿ ಸಾಹುಕಾರ್ರೇ."

ಹೊಡೆದೆ. ತೆರೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. "ಐದು ನಿಮಿಷ ತಡೀರಿ" ಎಂದು ಫೋನಿಟ್ಟು, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಹೊಸ ಕೀಬೋರ್ಡು ತಂದೆ. ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದ ಹೆಮ್ಮೆ ಬೇರೆ. ಅದರಲ್ಲೂ ಏನೂ ಮೂಡಲಿಲ್ಲ.

"ಮೇಷ್ಟ್ರೇ, ಹೊಸಾದೂ ಸತ್ತೈತಲ್ರೀ!"

"ಅಯ್ಯೋ, ಅದ್ರಾಗೆ ಪಾಸ್‌ವರ್ಡ್ ಹೊಡೆದ್ರೆ ಕಾಣಾಂಗಿಲ್ರೀ. ಸುಮ್ನೆ ಹೊಡೆದು ಎಂಟರ್ ಒತ್ತಬೇಕು."

ಈಗ ನನ್ನ ಹತ್ತಿರ ಸರಿಯಿರುವ ಕೀಬೋರ್ಡು ಎರಡಿವೆ.

ಕೈ ಚಾಚಿದ ಮಿಷನ್ನು

ಎಂಟರ್ ಒತ್ತಿದರೂ ಸಿ.ಡಿ. ತೆರೆಯಲಿಲ್ಲ. "ಲಿನಕ್ಸ್ ತಪ್ಪಲ್ಲ. ಡ್ರೈವಿನಾಗೇ ಏನೋ ಐತೆ, ಬಿಚ್ಚಿ ನೋಡ್ರಿ" ಅಂದರು ಮೇಷ್ಟ್ರು.

ಡ್ರೈವ್ ಬಿಚ್ಚಿ ಹೊರಗೆ ತೆಗೆದು, ಬಣ್ಣದ ಡಬ್ಬಿ ಕುಲುಕುವ ಹಾಗೆ ಎರಡೂ ಕೈಯಲ್ಲಿ ಕುಲುಕಿದೆ. ಠಣ್ ಎಂದು ಒಂದು ರೂಪಾಯಿ ನಾಣ್ಯ ಬಿತ್ತು, ಮೈತುಂಬ ಕುಂಕುಮ.

"ಯಾರ್ರೀ ಇದರಾಗೆ ದುಡ್ಡು ಹಾಕಿದ್ದು?" ಎಂದು ಕೂಗಾಡಿದೆ.

ನಮ್ಮಾಕೆ ಗಲ್ಲಾಪೆಟ್ಟಿಗೆಯ ಹತ್ತಿರದಿಂದ ತಲೆ ಎತ್ತದೆ ಹೇಳಿದಳು: "ಆಯುಧ ಪೂಜೆ ದಿನ ಕಂಪ್ಯೂಟರಿಗೆ ವಿಭೂತಿ ಕುಂಕುಮ ಹಚ್ಚುವಾಗ ಅದರ ತಟ್ಟೆ ಹೊರಗೆ ಬಂತಲ್ಲ? ಮಿಷನ್ನೇ ಕೈ ಚಾಚಿ ದಕ್ಷಿಣೆ ಕೇಳ್ತೈತೆ ಅಂತ ನೀವೇ ಅಲ್ಲೇನ್ರೀ ಇಟ್ಟಿದ್ದು? ಅದು ಒಳಗೆ ಹೋದಾಗ ಕೈ ಬೇರೆ ಮುಗಿದ್ರಿ."

ಗೋಡೆ

ಡ್ರೈವ್ ಮತ್ತೆ ಕೂರಿಸಿದ ಮೇಲೆ ಸಿ.ಡಿ. ಒಂದೇ ಏಟಿಗೆ ತೆರೆಯಿತು. ಆ ಹಸಿರಿನ ಲೆಕ್ಕವೂ ಸಿಕ್ಕಿತು. ಮಾದರಿಗೆ ಒಂದು ಲೀಟರು ಸಾಕಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಇಪ್ಪತ್ತು ಲೀಟರಿನ ಬಕೆಟ್ಟೇ ಬೆರೆಸಿಕೊಂಡು ಹೊನ್ನಾಳಿಗೆ ಹೋದೆ. ಹಳೇ ಗೋಡೆಗೆ ಒಂದು ಕೈ ಎಳೆದೆ.

ನನ್ನದು ಗಿಳಿ ಹಸಿರು. ಹನ್ನೆರಡು ವರ್ಷ ಮದುವೆ ಮನೆಯ ಒಗ್ಗರಣೆ ಹೊಗೆ ಕುಡಿದ ಗೋಡೆಯದು ಹಳಸಿದ ಪಲ್ಯದ ಬಣ್ಣ.

ಯಜಮಾನರು ನನ್ನನ್ನೇ ನೋಡಿದರು. "ಮೂವತ್ತು ವರ್ಷ ಬಣ್ಣ ಮಾರೀರಿ. ಬಣ್ಣ ಮಾಸ್ತೈತೆ ಅಂಬೋದು ಗೊತ್ತಿರಲಿಲ್ಲೇನ್ರೀ?"

"ಮಾಸೋದ್ರಿಂದಲೇ ಅಲ್ಲೇನ್ರೀ ನಮ್ಮ ಅಂಗಡಿ ನಡೆಯೋದು?" ಬಾಯಿಗೆ ಬಂದದ್ದನ್ನು ಅಂದೆ.

ಅವರು ಹೊಟ್ಟೆ ಹಿಡಿದು ನಕ್ಕರು. "ಹಂಗಾರೆ ಹಳೇದು ಹೊಸದು ಎರಡಕ್ಕೂ ಬಿಳೀದೇ ಹೊಡೆಸಿಬಿಡಾಣ. ಜಗಳೂರಿಗೆ ಹೋಗೋ ತಕರಾರೇ ಬ್ಯಾಡ."

ಬಿಳಿಗೆ ಏನೂ ಬೆರೆಸಬೇಕಿಲ್ಲ. ಬಕೆಟ್ಟಿನ ಹಸಿರನ್ನು ನಮ್ಮನೆಯ ಮುಂದಿನ ಗೋಡೆಗೆ ಬಳಿಸಿದೆ. ದಾರಿಯಲ್ಲಿ ಹೋಗುವವರು ಒಳಗೆ ಬಂದು ಮದುವೆಗೆ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ.

ಒಟ್ಟು ಗಳಿಕೆ: ಬಿಳಿ ಬಣ್ಣದ ವ್ಯಾಪಾರ ಒಂದು ಲಕ್ಷ ಹತ್ತು ಸಾವಿರ. ಅದಕ್ಕೆ ಸಿ.ಡಿ. ಬೇಕಿರಲೇ ಇಲ್ಲ. ಡ್ರೈವಿನಿಂದ ಹುಟ್ಟಿದ್ದು ಒಂದು ರೂಪಾಯಿ. ಅದೂ ನನ್ನದೇ.