ಹತ್ತನೆಯ ಉಲ್ಲೇಖ

ಅಪರಾಧಶಾಸ್ತ್ರದ ಮೇಷ್ಟರಿಗೆ ಪ್ರೊಫೆಸರ್ ಆಗಲು ಬೇಕಿದ್ದದ್ದು ಹತ್ತು ಉಲ್ಲೇಖ, ಇದ್ದದ್ದು ಒಂಬತ್ತು. ಅಂದರೆ ಅವರು ಬರೆದದ್ದನ್ನು ಲೋಕದ ವಿದ್ವಾಂಸರು ತಮ್ಮ ಲೇಖನಗಳಲ್ಲಿ ಒಂಬತ್ತು ಸಲ ಹೆಸರಿಸಿದ್ದರು. ಲೋಕದ ವಿದ್ವಾಂಸರು ಎಂದದ್ದು ಮರ್ಯಾದೆಗೆ. ಎಂಟು ಸಲ ಹೆಸರಿಸಿಕೊಂಡವರು ಮೇಷ್ಟರೇ. ಒಂಬತ್ತನೆಯವನೊಬ್ಬ ‘ಸಂಶೋಧನೆ ಹೀಗಿರಬಾರದು’ ಎಂದು ತೋರಿಸಲು ಹೆಸರಿಸಿದ್ದ. ಲೆಕ್ಕಕ್ಕೆ ಅದೂ ಬರುತ್ತಿತ್ತು. ಬಡ್ತಿಯ ಕಡತ ಅಂದು ಸಂಜೆ ಐದಕ್ಕೆ ಮುಚ್ಚುವುದಿತ್ತು. ಮತ್ತೆ ತೆರೆಯುವಷ್ಟರಲ್ಲಿ ಮೇಷ್ಟರು ನಿವೃತ್ತರಾಗಿರುತ್ತಿದ್ದರು.

ಸಹೋದ್ಯೋಗಿಗಳು ಅವರನ್ನು ಬೆನ್ನ ಹಿಂದೆ ‘ಅಡಿಟಿಪ್ಪಣಿ’ ಎನ್ನುತ್ತಿದ್ದರು. ಈಚೆಗೆ ಎದುರಿಗೂ ಅನ್ನತೊಡಗಿದ್ದರು.

“ಏನ್ರೀ, ಹತ್ತಾಯ್ತಾ?” ಬೆಳಿಗ್ಗೆ ಅವರ ಅಂಗಿಗೆ ಗುಂಡಿ ಹೊಲಿಯುತ್ತ ಹೆಂಡತಿ ಕೇಳಿದರು.

“ಎಲ್ಲಿ ಆಗುತ್ತೆ? ಒಂಬತ್ತರಲ್ಲೇ ಕೂತಿದೆ.”

“ನಿಮ್ಮ ಸಂಕಟ ನೋಡಿದ್ರೆ ನಾನೇ ಒಂದು ಲೇಖನ ಬರೆದುಬಿಡೋಣ ಅನ್ಸುತ್ತೆ. ಆದ್ರೆ ಅದಕ್ಕೆ ನಿಮ್ಮದನ್ನ ಓದ್ಬೇಕಲ್ಲ.”

ಕಾಲೇಜಿನಲ್ಲಿ ಮೇಷ್ಟರು ನೇರ ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದರು. ಆತ ಒಂದು ಕಾಲದಲ್ಲಿ ಇವರ ಶಿಷ್ಯ. ಈಗ ಆತನಿಗೆ ನಾನೂರು ಉಲ್ಲೇಖ, ಇವರು ಆತನಿಗೆ ‘ಸಾರ್’ ಎನ್ನಬೇಕು.

“ಸಾರ್, ನಿಮ್ಮ ಹೊಸ ಲೇಖನದಲ್ಲಿ ಎಲ್ಲಾದ್ರೂ ಒಂದು ಮೂಲೆಯಲ್ಲಿ ನನ್ನ ಹೆಸರು...”

“ಮೇಷ್ಟ್ರೇ, ನನ್ನ ಮನೇಲಿ ಕಳುವಾಗಿ ವಾರ ಆಗಿಲ್ಲ, ನಿಮಗೆ ಉಲ್ಲೇಖದ ಚಿಂತೆ!”

ಕಳ್ಳತನ ತಡೆಯುವ ಬಗೆಗಿನ ಸಮ್ಮೇಳನದಲ್ಲಿ ಆತ ಭಾಷಣ ಮಾಡುತ್ತಿದ್ದಾಗಲೇ ಕಳ್ಳ ಆತನ ಮನೆ ಗುಡಿಸಿ ಸಾರಿಸಿ ಹೋಗಿದ್ದ. ಮೇಷ್ಟರು ಪಕ್ಕದ ಕೋಣೆಗೆ ನುಗ್ಗಿದರು. ಅಲ್ಲಿದ್ದ ಸಹೋದ್ಯೋಗಿ ಬಹಳ ಒಳ್ಳೆಯವನು. “ಖಂಡಿತ ಹಾಕ್ತೀನಿ. ಅಚ್ಚಾಗೋಕೆ ಮೂರು ವರ್ಷ ಹಿಡಿಯುತ್ತೆ, ಪರವಾಗಿಲ್ವಾ?” ಎಂದ.

ಎರಡು ಗಂಟೆಗೆ ಪೊಲೀಸ್ ಠಾಣೆಯಿಂದ ಫೋನು ಬಂತು. “ನಿಮ್ಮ ಮುಖ್ಯಸ್ಥರ ಮನೆ ಕಳ್ಳ ಸಿಕ್ಕಿದ್ದಾನೆ. ಅವನ ಚೀಲದಲ್ಲಿ ನಿಮ್ಮದೊಂದು ಲೇಖನ ಇದೆ. ಸ್ವಲ್ಪ ಬಂದು ಹೋಗ್ತೀರಾ?”

ಮೇಷ್ಟರು ಬಂದು ಹೋಗುವುದೇನು, ಹಾರಿಕೊಂಡು ಹೋದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಇನ್‌ಸ್ಪೆಕ್ಟರ ಮೇಜಿನ ಮೇಲೆ ‘ಮನೆಯಲ್ಲಿ ಯಾರೂ ಇಲ್ಲವೆಂದು ಹೊರಗಿನಿಂದ ಗುರುತಿಸುವ ಬಗೆ’ ಬಿದ್ದಿತ್ತು. ನಲವತ್ತೆರಡು ಪುಟ. ಒಂದೊಂದು ಪುಟದಲ್ಲೂ ಕೆಂಪು ಪೆನ್ಸಿಲಿನ ಗೆರೆ, ಅಂಚಿನಲ್ಲಿ ಟಿಪ್ಪಣಿ. ಮೇಷ್ಟರ ಕಣ್ಣು ತುಂಬಿ ಬಂತು. ಇಪ್ಪತ್ತೆಂಟು ವರ್ಷ ಅವರು ಗೋಡೆಗೆ ಪಾಠ ಹೇಳಿದಂತೆ ಬರೆದಿದ್ದರು. ಕಟ್ಟಿಕೊಂಡವಳು ಓದಲಿಲ್ಲ, ಶಿಷ್ಯರು ಓದಲಿಲ್ಲ, ಅಚ್ಚು ಹಾಕಿದವನೂ ಓದಿದ್ದನೋ ಇಲ್ಲವೋ. ಕೊನೆಗೂ ಒಬ್ಬ ಓದಿದ್ದ.

ಮೂಲೆಯಲ್ಲಿ ಕೂತಿದ್ದ ಕಳ್ಳ ಎದ್ದು ನಿಂತು ಕೈಮುಗಿದ. “ನಾಲ್ಕನೇ ಕೋಷ್ಟಕ ಅದ್ಭುತ ಸಾರ್. ಹಗಲಲ್ಲೂ ಉರಿಯೋ ದೀಪ, ಬಾಗಿಲಲ್ಲಿ ಬಿದ್ದ ಪೇಪರು, ಒಣಗಿದ ಕುಂಡ. ಒಂದೂ ಸುಳ್ಳಾಗಲಿಲ್ಲ.”

“ಹೌದಾ? ಐದನೆಯದು ನೋಡಿದೆಯಾ?”

“ಅದನ್ನ ನೋಡಿಯೇ ಒಳಗೆ ಹೋದದ್ದು.”

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. “ಇದರಲ್ಲಿರೋ ಉಪಾಯಗಳು ನಿಮ್ಮವೋ, ಬೇರೆ ಎಲ್ಲಿಂದಾದ್ರೂ ತಗೊಂಡದ್ದೋ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಮೇಷ್ಟರು ಹೆಗಲ ಮೇಲೆ ಕುಂಬಳಕಾಯಿಯನ್ನು ತಾವೇ ಎತ್ತಿ ಇಟ್ಟುಕೊಂಡರು.

“ಬೇರೆಯವರದಾ? ಮೂರು ವರ್ಷ ಬೀದಿ ಬೀದಿ ಅಲೆದು, ಒಂದೊಂದು ಮನೆ ಮುಂದೂ ನಿಂತು ಬರೆದುಕೊಂಡಿದ್ದೀನಿ! ಪ್ರತಿ ಅಕ್ಷರ ನನ್ನದು!”

“ಐಡಿಯಾ ಎಲ್ಲಾ ಅವರದೇ ಸಾರ್,” ಎಂದ ಕಳ್ಳ ವಿನಯದಿಂದ. “ನಂದು ಬರೀ ಫೀಲ್ಡ್ ವರ್ಕ್.”

“ಕೇಳಿದಿರಲ್ಲ? ನಿಮ್ಮ ಕಾಗದದಲ್ಲಿ ನನ್ನ ಹೆಸರು, ಲೇಖನದ ಹೆಸರು, ಇಸವಿ, ಪುಟಸಂಖ್ಯೆ ಎಲ್ಲಾ ಬರಬೇಕು. ನನ್ನ ಹೆಸರು ಮೊದಲು, ಇವನದು ಆಮೇಲೆ.”

“ಹಾಗೇ ಮಾಡೋಣ,” ಎಂದರು ಇನ್‌ಸ್ಪೆಕ್ಟರ್.

ಇನ್‌ಸ್ಪೆಕ್ಟರ್ ಬರೆದ ಕಾಗದಕ್ಕೆ ಮೇಷ್ಟರು ರುಜು ಹಾಕಿ, ಆಸೆಯಿಂದ ಎಣಿಸಿದರು. ಅವರ ಹೆಸರು ಹನ್ನೊಂದು ಸಲ ಬಂದಿತ್ತು. ಬಡ್ತಿಗೆ ಬೇಕಾದ್ದಕ್ಕಿಂತ ಹೆಚ್ಚು! ನಾಲ್ಕು ಗಂಟೆ ಹೊಡೆಯಿತು. ಓಡಿದರೆ ಇನ್ನೂ ಸಮಯವಿತ್ತು. ತಮಗೆ ಕೊಟ್ಟ ಪ್ರತಿಯನ್ನು ಮಡಚುವಾಗ ತಲೆಬರಹದ ಮೇಲೆ ಕಣ್ಣು ಬಿತ್ತು. ಅವರ ಹೆಸರಿನ ಹಿಂದೆ ‘ಒಂದನೇ ಆರೋಪಿ’ ಎಂದಿತ್ತು. ಕಳ್ಳ ಎರಡನೆಯವನು.

ಐದೂಕಾಲಿಗೆ ವಿಭಾಗದ ಮುಖ್ಯಸ್ಥ ಕಂಬಿಯಾಚೆ ಬಂದು ನಿಂತ. ಕಂಕುಳಲ್ಲಿ ನೋಟ್‌ಬುಕ್ಕು.

“ಸಾರ್, ಜಾಮೀನಿಗೆ ಬಂದಿರಾ?”

“ಅದು ವಕೀಲರ ಕೆಲಸ ಮೇಷ್ಟ್ರೇ. ಕಡತ ಮುಚ್ಚಿಹೋಯ್ತು, ಒಂಬತ್ತಕ್ಕೇ ನಿಂತಿತ್ತು, ಪಾಪ. ಅದಿರಲಿ. ಅಪರಾಧಶಾಸ್ತ್ರಜ್ಞನೇ ಅಪರಾಧಿಯಾದದ್ದರ ಮೇಲೆ ಯಾರೂ ಬರೆದಿಲ್ಲ. ಏನಿಲ್ಲ ಅಂದ್ರೂ ಐನೂರು ಉಲ್ಲೇಖ ಗ್ಯಾರಂಟಿ. ಹೇಳಿ, ನಿಮ್ಮ ಬಾಲ್ಯ ಹೇಗಿತ್ತು?”

ಮೇಷ್ಟರು ಕಂಬಿ ಹಿಡಿದುಕೊಂಡರು. ಅವಮಾನವಾಗಬೇಕಿತ್ತು, ಆಗಲೂ ಆಸೆಯೇ ಆಯಿತು. “ಹಾಗಾದ್ರೆ ನನ್ನ ಲೇಖನದ ಹೆಸರು ಹಾಕ್ತೀರಲ್ಲ?”

“ಛೆ ಛೆ! ಅದನ್ನ ಹಾಕಿದ್ರೆ ನಿಮ್ಮ ಗುರುತು ಸಿಕ್ಕಿಬಿಡುತ್ತೆ. ಆರೋಪಿಯ ಗುಟ್ಟು ಕಾಪಾಡೋದು ಸಂಶೋಧಕನ ಧರ್ಮ, ನೀವೇ ಅಲ್ವಾ ಕಲಿಸಿದ್ದು? ಎಲ್ಲಿ, ಈ ಒಪ್ಪಿಗೆಪತ್ರಕ್ಕೆ ಒಂದು ರುಜು.”

ಮೇಷ್ಟರು ಪತ್ರದಲ್ಲಿ ತಮ್ಮ ಪೂರ್ತಿ ಹೆಸರನ್ನು, ಪದವಿಗಳ ಸಮೇತ, ದುಂಡಗೆ ಬರೆದುಕೊಟ್ಟರು. ಶಿಷ್ಯ ಅದನ್ನು ಎರಡು ಸಲ ಓದಿ, ಗೌರವದಿಂದಲೇ ಹೊಡೆದುಹಾಕಿ, ಮೇಲೆ ‘ಶ್ರೀ ಅ’ ಎಂದು ಬರೆದುಕೊಂಡ.